ಹೆಸರಿಲ್ಲದ ಜಾಹೀರಾತು ಮತ್ತು ರಾಣಿ ಬಣ್ಣ

ಜಾಹೀರಾತು ಕೊಟ್ಟವರ ಹೆಸರೇ ಇಲ್ಲದ ಜಾಹೀರಾತನ್ನು ಎಲ್ಲಾದರೂ ನೋಡಿದ್ದೀರಾ? ನಾನು ಮಾಡಿದ್ದೇನೆ. ಅದೂ ಸಾವಿರ ಪ್ರತಿ.

ದಾವಣಗೆರೆಯ ಒಂದು ಪ್ರಿಂಟಿಂಗ್ ಪ್ರೆಸ್‌ನಲ್ಲಿ ಡಿಟಿಪಿ ಕೆಲಸ ನನ್ನದು. ಮದುವೆ ಕಾರ್ಡು, ಬಿಲ್ ಬುಕ್ಕು, ಶ್ರದ್ಧಾಂಜಲಿ ಫ್ಲೆಕ್ಸು, ಡಿಸೆಂಬರ್ ಬಂತೆಂದರೆ ಕ್ಯಾಲೆಂಡರು. ಆ ಸಲ ಒಂದು ಶಾಲೆಯ ಸ್ಮರಣ ಸಂಚಿಕೆ ಬಂದಿತ್ತು. ಹಿಂದಿನ ಕವರ್‌ನ ಒಳಪುಟ ಒಂದು ಲೈಟಿಂಗ್ ಅಂಗಡಿಯ ಜಾಹೀರಾತಿಗೆ. ಫೋನ್ ಮಾಡಿ ಲೋಗೋ ಕೇಳಿದೆ. "ನಮ್ಮ ವೆಬ್‌ಸೈಟ್‌ನ್ಯಾಗ ಐತಲ್ರೀ, ಅಲ್ಲಿಂದನ ತಗೊಳ್ರಿ" ಅಂದರು.

ತಗೊಂಡೆ. ರೈಟ್ ಕ್ಲಿಕ್, ಸೇವ್. ಬಂದದ್ದು ವೆಬ್‌ಪಿ ಫೈಲ್, ವೆಬ್‌ಸೈಟುಗಳಿಗೆಂದು ಮಾಡಿದ ಚಿತ್ರದ ಒಂದು ಫಾರ್ಮ್ಯಾಟ್. ಸಂಚಿಕೆಗೆಂದು ಜನ ಕಳಿಸಿದ್ದ ಫೋಟೋಗಳಲ್ಲೂ ಹತ್ತು ಹನ್ನೊಂದು ಅದೇ ಜಾತಿ. ಫೋಟೋಶಾಪ್ ವೆಬ್‌ಪಿಯನ್ನು ನೇರವಾಗಿ ತೆರೆಯಲು ಶುರು ಮಾಡಿದ್ದೇ 2022ರ ಫೆಬ್ರವರಿಯಲ್ಲಿ, 23.2 ಆವೃತ್ತಿಯಿಂದ. ನಮ್ಮ ಪ್ರೆಸ್‌ನದ್ದು ಅದಕ್ಕಿಂತ ಎಷ್ಟೋ ಹಳೆಯದು. ಸರಿ, ಎಲ್ಲವನ್ನೂ ಒಂದೇ ಫೋಲ್ಡರ್‌ಗೆ ಸುರಿದು, ಕನ್ವರ್ಟರ್‌ಗೆ ಕೊಟ್ಟು, ಒಟ್ಟಿಗೇ ಜೆಪಿಜಿ ಮಾಡಿಬಿಟ್ಟೆ. ಒಂದು ಲೋಟ ಚಹಾ ಕುಡಿಯುವಷ್ಟರಲ್ಲಿ ಮುಗಿಯಿತು.

ಪುಟ ಕಟ್ಟಿದೆ. ಪ್ರೂಫ್ ಕಳಿಸಿದೆ. ಶಾಲೆಯವರು ಹೆಸರು, ಇನಿಷಿಯಲ್ ಎಲ್ಲ ತಿದ್ದಿ ಓಕೆ ಅಂದರು. ಕವರ್ ಪ್ರಿಂಟ್ ಆಗಿ ಬೈಂಡಿಂಗ್ ಟೇಬಲ್‌ಗೆ ಹೋಯಿತು. ಅಲ್ಲಿ ಕೆಲಸ ಮಾಡುವ ಅಕ್ಕ ಒಂದು ಹಾಳೆ ಹಿಡಿದುಕೊಂಡು ನನ್ನ ಹತ್ತಿರ ಬಂದರು. "ತಮ್ಮಾ, ಇದ್ರಾಗ ಬರೀ ಒಂದು ದೀಪ ಐತಿ. ಯಾರ ಅಂಗಡಿ ಅಂತ ಗೊತ್ತಾಗೋದು ಹೆಂಗ?"

ನೋಡಿದೆ. ಹಳದಿ ದೀಪ, ಕೆಳಗೆ ನಾನು ಟೈಪ್ ಮಾಡಿದ ವಿಳಾಸ, ಫೋನ್ ನಂಬರು. ನಡುವೆ ಖಾಲಿ ಜಾಗ. ಅಂಗಡಿಯ ಹೆಸರು ಇರಬೇಕಾದದ್ದು ಅಲ್ಲೇ.

ಆದದ್ದು ಇಷ್ಟು. ಆ ಲೋಗೋಗೆ ಹಿನ್ನೆಲೆಯೇ ಇರಲಿಲ್ಲ, ಟ್ರಾನ್ಸ್‌ಪರೆಂಟ್. ವೆಬ್‌ಸೈಟಿನಲ್ಲಿ ಅದು ಕಡುನೀಲಿ ಪಟ್ಟಿಯ ಮೇಲೆ ಕೂತಿತ್ತು, ಹಾಗಾಗಿ ಅಂಗಡಿಯ ಹೆಸರನ್ನು ಬಿಳಿ ಅಕ್ಷರದಲ್ಲಿ ಮಾಡಿದ್ದರು. ವೆಬ್‌ಪಿಗೆ ಟ್ರಾನ್ಸ್‌ಪರೆಂಟ್ ಗೊತ್ತು, ಪಿಎನ್‌ಜಿ ಅನ್ನುವ ಇನ್ನೊಂದು ಫಾರ್ಮ್ಯಾಟಿಗೂ ಗೊತ್ತು. ಜೆಪಿಜಿಗೆ ಗೊತ್ತಿಲ್ಲ. ಖಾಲಿ ಇರುವ ಕಡೆ ಏನಾದರೂ ಒಂದು ಬಣ್ಣ ತುಂಬಲೇಬೇಕು. ನಮ್ಮ ಕನ್ವರ್ಟರ್ ಬಿಳಿ ತುಂಬಿತು. ಬಿಳಿ ಮೇಲೆ ಬಿಳಿ. ಕಪ್ಪು ತುಂಬಿದ್ದರೆ ಬಚಾವಾಗುತ್ತಿದ್ದೆ, ಕರೀ ಡಬ್ಬಿ ಯಾರ ಕಣ್ಣಿಗೂ ಬೀಳುತ್ತದೆ. ಕಾಣದಿರುವ ತಪ್ಪನ್ನು ಪ್ರೂಫ್‌ನಲ್ಲಿ ಹುಡುಕುವುದು ಹೇಗೆ? ನಾನು ನೋಡಿದ್ದು ಮುಖಗಳನ್ನು, ಶಾಲೆಯವರು ನೋಡಿದ್ದು ಅವರವರ ಹೆಸರನ್ನು. ಕವರ್ ಮತ್ತೆ ಹಾಕಿದೆವು. ಪ್ಲೇಟು, ಆರ್ಟ್ ಪೇಪರು ಎರಡೂ ದಂಡ. ಓನರ್ ಬೈಯಲಿಲ್ಲ, ಎರಡು ದಿನ ಮಾತೇ ಆಡಲಿಲ್ಲ. ಬೈದಿದ್ದರೇ ವಾಸಿ ಇತ್ತು.

ಆಮೇಲೆ ಕೂತು ಈ ವೆಬ್‌ಪಿ ಅಂದರೇನು ಅಂತ ಸ್ವಲ್ಪ ಓದಿಕೊಂಡೆ. ಗೂಗಲ್ ಇದನ್ನು ಹೊರತಂದದ್ದು 2010ರಲ್ಲಿ. ಜೆಪಿಜಿಗೆ ಹೋಲಿಸಿದರೆ ಗಾತ್ರ 25ರಿಂದ 34 ಶೇಕಡಾ ಕಡಿಮೆ ಅಂತ ಅವರ ಲೆಕ್ಕ. ಪುಟ ಬೇಗ ತೆರೆಯಲಿ, ಡೇಟಾ ಉಳಿಯಲಿ ಅಂತ ಮಾಡಿದ್ದು. ಬ್ರೌಸರ್‌ಗೆ ಒಳ್ಳೆಯದೇ. ಆದರೆ ಫೈರ್‌ಫಾಕ್ಸ್ ಒಪ್ಪಿಕೊಂಡದ್ದು 2019ರಲ್ಲಿ, ಸಫಾರಿ 2020ರಲ್ಲಿ. ಬ್ರೌಸರ್‌ಗಳೇ ಇಷ್ಟು ವರ್ಷ ತಗೊಂಡಿವೆ, ಇನ್ನು ಪ್ರೆಸ್‌ನ ಹಳೇ ಕಂಪ್ಯೂಟರಿನ ಪಾಡು ಕೇಳಬೇಕೇ? ಜೆಪಿಜಿ 1992ರದ್ದು, ಮುದುಕ, ಆದರೆ ಎಲ್ಲರ ಮನೆಯಲ್ಲೂ ಪರಿಚಯ.

ಇನ್ನೊಂದು ತಮಾಷೆ. ಹೆಸರಿನ ಕೊನೆಯ ವೆಬ್‌ಪಿ ಅಳಿಸಿ ಜೆಪಿಜಿ ಅಂತ ಬರೆದರೆ ಆಯಿತು ಅಂದುಕೊಂಡವರು ಬಹಳ. ಎಷ್ಟೋ ಪಾರ್ಟಿಗಳು, ಅಂದರೆ ನಮ್ಮ ಗಿರಾಕಿಗಳು, ಹಾಗೇ ಮಾಡಿ ಕಳಿಸುತ್ತಾರೆ. "ನನ್ನ ಕಂಪ್ಯೂಟರಲ್ಲಿ ಓಪನ್ ಆಗುತ್ತಲ್ಲ" ಅಂತ ವಾದ ಬೇರೆ. ಆಗುತ್ತದೆ, ಯಾಕೆಂದರೆ ಬ್ರೌಸರ್ ಮತ್ತೆ ಕೆಲವು ವೀವರ್‌ಗಳು ಹೆಸರು ನೋಡುವುದಿಲ್ಲ, ಒಳಗಿನ ಮಾಲು ನೋಡುತ್ತವೆ. ನಮ್ಮ ಹಳೇ ಸಾಫ್ಟ್‌ವೇರ್ ಹೆಸರು ನಂಬಿ ಬಾಗಿಲು ತೆಗೆದು, ಒಳಗೆ ಬೇರೆಯವರನ್ನು ಕಂಡು ಗಾಬರಿಯಾಗುತ್ತದೆ. ಕೆಲವು ವೆಬ್‌ಸೈಟ್‌ಗಳೂ ಕಮ್ಮಿಯಿಲ್ಲ. ಹೆಸರು ಜೆಪಿಜಿ, ಕೊಡುವುದು ವೆಬ್‌ಪಿ. ಅನುಮಾನ ಬಂದರೆ ನಾನು ಫೈಲನ್ನು ನೋಟ್‌ಪ್ಯಾಡ್‌ಗೆ ಎಳೆದು ಹಾಕುತ್ತೇನೆ. ಪೂರ್ತಿ ಕಸದಂತೆ ಕಾಣುತ್ತದೆ, ಆದರೆ ಮೊದಲ ಸಾಲಿನಲ್ಲೇ ಆರ್‌ಐಎಫ್‌ಎಫ್ (RIFF), ಅದಾದ ಸ್ವಲ್ಪದರಲ್ಲೇ ವೆಬ್‌ಪಿ (WEBP) ಅನ್ನುವ ಅಕ್ಷರಗಳಿದ್ದರೆ ಕಳ್ಳ ಸಿಕ್ಕ ಹಾಗೆ.

ಯಾವುದಕ್ಕೆ ಬದಲಿಸಬೇಕು ಅನ್ನುವುದಕ್ಕೆ ನನ್ನದೊಂದು ಅಭ್ಯಾಸವಿದೆ. ಲೋಗೋ, ಸಹಿ, ಅಕ್ಷರ ಇರುವ ಚಿತ್ರ ಅಂದರೆ ಪಿಎನ್‌ಜಿ, ಬೇರೆ ಮಾತೇ ಇಲ್ಲ. ಮನುಷ್ಯರ ಫೋಟೋ ಆದರೆ ಜೆಪಿಜಿ, ಕ್ವಾಲಿಟಿ 90ರ ಮೇಲೆ. ಸಾಮಾನ್ಯವಾಗಿ ಸಿಗುವ ವೆಬ್‌ಪಿ ಫೋಟೋದಲ್ಲಿ ಆಗಲೇ ಒಂದಿಷ್ಟು ವಿವರ ಹೋಗಿರುತ್ತದೆ, ಅದರಲ್ಲೂ ಬಣ್ಣದ ವಿವರ. ತೆಳು ಕೆಂಪು ಅಕ್ಷರಗಳ ಅಂಚು ಕುಂಕುಮ ಒದ್ದೆಯಾದ ಹಾಗೆ ಹರಡಿರುತ್ತದೆ. ಅದನ್ನು ಮತ್ತೆ ಜೆಪಿಜಿ ಮಾಡಿದರೆ ಜೆರಾಕ್ಸ್‌ನ ಜೆರಾಕ್ಸ್. ಪಿಎನ್‌ಜಿ ಮಾಡಿದರೆ ಇದ್ದದ್ದು ಇದ್ದ ಹಾಗೆ ಉಳಿಯುತ್ತದೆ, ಹೋದದ್ದು ವಾಪಸ್ ಬರುವುದಿಲ್ಲ. 150 ಕೆಬಿ ಇದ್ದದ್ದು 1 ಎಂಬಿ ದಾಟಿತು ಅಂತ ಖುಷಿಪಡುವವರನ್ನು ನೋಡಿದ್ದೇನೆ. ಅದು ಬರೀ ಊತ.

ಮದುವೆ ಸೀಜನ್ನಿನಲ್ಲಿ ಒಬ್ಬರು ಕಾರ್ಡಿಗೆ ಗಣಪತಿ ಬೇಕು ಅಂತ ವಾಟ್ಸಾಪ್ ಸ್ಟಿಕರನ್ನೇ ಕಳಿಸಿದರು. ಆ ಸ್ಟಿಕರ್‌ಗಳೂ ವೆಬ್‌ಪಿಯೇ, 512 ಪಿಕ್ಸೆಲ್ ಚೌಕ. ಪ್ರಿಂಟ್‌ಗೆ ಇಂಚಿಗೆ 300 ಪಿಕ್ಸೆಲ್ ಹಿಡಿದರೆ ಒಂದೂಮುಕ್ಕಾಲು ಇಂಚೂ ಬರುವುದಿಲ್ಲ. ಅವರಿಗೆ ಬೇಕಿದ್ದದ್ದು ಕಾರ್ಡಿನ ಅರ್ಧ. ಕೊನೆಗೆ ಮೇಲೆ ಮಧ್ಯದಲ್ಲಿ ಚಿಕ್ಕದಾಗಿ ಕೂರಿಸಿದೆವು, ಅಲ್ಲೇ ಚೆಂದ ಕಂಡ.

ಕನ್ವರ್ಟ್ ಮಾಡಲು ದುಡ್ಡೇನೂ ಬೇಡ. ಒಂದೆರಡು ಫೋಟೋ ಆದರೆ ಈಗಿನ ವಿಂಡೋಸ್‌ನ ಪೇಂಟ್‌ನಲ್ಲೇ ತೆರೆದು ಸೇವ್ ಆಸ್ ಕೊಟ್ಟರಾಯಿತು. ಟ್ರಾನ್ಸ್‌ಪರೆಂಟ್ ಇದ್ದರೆ ಜಿಂಪ್ ಅನ್ನುವ ಉಚಿತ ಸಾಫ್ಟ್‌ವೇರ್ ವಾಸಿ. ಆನ್‌ಲೈನ್ ಕನ್ವರ್ಟರ್‌ಗೆ ಮಾತ್ರ ನಾನು ಪಾರ್ಟಿಯ ಫೈಲ್ ಹಾಕುವುದಿಲ್ಲ. ಯಾರದೋ ಮನೆಯ ಮಗುವಿನ ಫೋಟೋ, ಯಾರದೋ ಆಧಾರ್ ಕಾರ್ಡು, ಅದು ಯಾವ ಸರ್ವರ್‌ನಲ್ಲಿ ಕೂರುತ್ತದೋ. ಐಫೋನ್‌ನವರಿಗೆ ಹೆಚ್‌ಇಐಸಿ ಅಂತ ಬೇರೆ ತಲೆನೋವಿದೆ, ಆ ಫೋನ್ ಫೋಟೋ ಸೇವ್ ಮಾಡುವ ಫಾರ್ಮ್ಯಾಟ್ ಅದು. ಅವರಿಗೆ ಕ್ಯಾಮೆರಾ ಸೆಟ್ಟಿಂಗ್ಸ್‌ನ ಫಾರ್ಮ್ಯಾಟ್ಸ್‌ನಲ್ಲಿ ಮೋಸ್ಟ್ ಕಂಪ್ಯಾಟಿಬಲ್ ಒತ್ತಿ ಅಂತ ಹೇಳಿಬಿಡುತ್ತೇನೆ. ಆಮೇಲೆ ತೆಗೆದ ಫೋಟೋಗಳು ಜೆಪಿಜಿಯಾಗಿ ಬರುತ್ತವೆ.

ಆ ಸಂಚಿಕೆಯ ನಂತರ ಒಂದು ಬದಲಾವಣೆ ಮಾಡಿಕೊಂಡೆ. ಕನ್ವರ್ಟರ್‌ನ ಸೆಟ್ಟಿಂಗ್‌ನಲ್ಲಿ ಖಾಲಿ ಜಾಗಕ್ಕೆ ತುಂಬುವ ಬಣ್ಣ ಬಿಳಿ ಇತ್ತು, ಅದನ್ನು ಕಣ್ಣಿಗೆ ಹೊಡೆಯುವ ರಾಣಿ ಬಣ್ಣ ಮಾಡಿದೆ. ಈಗ ಫೋಲ್ಡರ್ ತೆರೆದರೆ ಹಿನ್ನೆಲೆ ಇಲ್ಲದ ಚಿತ್ರಗಳೆಲ್ಲ ಜಾತ್ರೆಯ ಬಳೆ ಅಂಗಡಿಯ ಹಾಗೆ ಎದ್ದು ಕಾಣುತ್ತವೆ. ಅವನ್ನು ಬೇರೆ ತೆಗೆದಿಟ್ಟು ಪಿಎನ್‌ಜಿ ಮಾಡುತ್ತೇನೆ. ಮೊನ್ನೆ ನನ್ನ ಪ್ರಿಂಟರ್‌ನಿಂದ ಅಂಥದ್ದೊಂದು ಪ್ರೂಫ್ ಹಾಳೆ ಹೇಗೋ ಬೈಂಡಿಂಗ್ ಟೇಬಲ್‌ಗೆ ಹೋಗಿತ್ತು. ಅಕ್ಕ ಅಲ್ಲಿಂದಲೇ ಹಾಳೆ ಎತ್ತಿ ತೋರಿಸಿದರು. "ಈ ಸಲ ಹೆಸರು ಚೊಲೋ ಕಾಣ್ತತಿ ತಮ್ಮಾ. ಆದ್ರ ಇಷ್ಟು ರಾಣಿ ಕಲರ್ ಯಾರು ಹೇಳಿದ್ರು?"