ಮೇಡಂ ಕೇಳಿಸಿದ ಲೂಯೀಸ್ ಫರಾಂಕ್

ಪಾಶ್ಚಾತ್ಯ ಸಂಗೀತದ ತರಗತಿಗೆ ಸೇರಿದ್ದವರು ನಾವು ಬೆರಳೆಣಿಕೆಯಷ್ಟು ಮಂದಿ. ಪಾಠ ಬೀಥೋವನ್‌ನಿಂದ ಶುರುವಾಗುತ್ತದೆ ಎಂದುಕೊಂಡಿದ್ದೆವು. ಮೇಡಂ ಹಾಕಿದ ಕ್ಯಾಸೆಟ್ಟಿನಲ್ಲಿದ್ದದ್ದು ಫ್ರಾನ್ಸಿನ ಸಂಗೀತ ಸಂಯೋಜಕಿ ಲೂಯೀಸ್ ಫರಾಂಕ್ ಅವರ ‘ನೋನೆಟ್’, ಅಂದರೆ ಒಂಬತ್ತು ವಾದ್ಯಗಳ ಕೃತಿ. ಯಾವ ಯಾವ ವಾದ್ಯ ಕೇಳಿಸಿತು ಎಂದು ನಾವು ಹೇಳಬೇಕು. ಪಿಟೀಲು, ವಿಯೋಲಾ, ಚೆಲ್ಲೊ, ಡಬಲ್ ಬಾಸ್. ಜೊತೆಗೆ ಫ್ಲೂಟ್, ಓಬೋ, ಕ್ಲಾರಿನೆಟ್, ಬಸೂನ್, ಹಾರ್ನ್. ಎರಡನೆಯ ಭಾಗದಲ್ಲಿ ವಾದ್ಯಗಳು ಸರದಿಯಂತೆ ಮುಂದೆ ಬರುವಾಗ ಮೇಡಂ ತುಟಿ ಬಿಚ್ಚದೆ ಒಂದೊಂದೇ ಬೆರಳು ಮಡಚುತ್ತಿದ್ದರು.

ಫರಾಂಕ್ 1804ರಲ್ಲಿ ಪ್ಯಾರಿಸ್ಸಿನ ಶಿಲ್ಪಿಗಳ ಮನೆತನದಲ್ಲಿ ಹುಟ್ಟಿದವರು. ಅಲ್ಲಿನ ಬಾಸ್ಟೀಲ್ ಚೌಕದ ಕಂಬದ ತುದಿಯಲ್ಲಿರುವ ಹೊಂಬಣ್ಣದ ಮೂರ್ತಿ ಅವರ ಅಣ್ಣ ಮಾಡಿದ್ದು. ಆ ಕಾಲಕ್ಕೆ ಪ್ಯಾರಿಸ್ಸಿನ ಸಂಗೀತ ಶಾಲೆಯಾದ ಕನ್ಸರ್ವೇಟರಿಯಲ್ಲಿ ಸಂಗೀತ ಸಂಯೋಜನೆಯ ತರಗತಿ ಗಂಡಸರಿಗೇ ಮೀಸಲು. ಆದರೂ ಅಲ್ಲಿನ ಮೇಷ್ಟರಾದ ಆಂಟನ್ ರೈಖಾ ಅವರಿಂದಲೇ ಹದಿನೈದರ ಹರೆಯದಲ್ಲಿ ಆಕೆ ಪಾಠ ಹೇಳಿಸಿಕೊಂಡರು. ಹೆಸರಾಂತ ಸಂಯೋಜಕ ಬೆರ್ಲಿಯೋಜ್‌ಗೂ ಮುಂದೆ ರೈಖಾ ಅವರೇ ಗುರು. 1821ರಲ್ಲಿ ಮದುವೆ. ಗಂಡ ಅರಿಸ್ತೀದ್ ಫ್ಲೂಟ್ ವಾದಕ, ಪ್ರಕಾಶಕ. ಹೆಂಡತಿಯ ಕೃತಿಗಳನ್ನು ತಾನೇ ಅಚ್ಚುಹಾಕಿಸಿದ. ಇಂಥ ಗಂಡ ಎಷ್ಟು ಜನಕ್ಕೆ ಸಿಗುತ್ತಾನೆ!

1842ರಲ್ಲಿ ಅದೇ ಕನ್ಸರ್ವೇಟರಿಯಲ್ಲಿ ಪಿಯಾನೊ ಪ್ರಾಧ್ಯಾಪಕಿಯಾದರೂ ಸಂಬಳ ಮಾತ್ರ ಗಂಡಸರಿಗಿಂತ ಕಡಿಮೆ. 1850ರಲ್ಲಿ ಈ ನೋನೆಟ್ ಮೊದಲ ಬಾರಿ ರಂಗಕ್ಕೆ ಬಂದಾಗ ಪಿಟೀಲು ನುಡಿಸಿದವನು ಮುಂದೆ ದೊಡ್ಡ ಪಿಟೀಲುಗಾರನೆಂದು ಹೆಸರಾದ, ಆಗಿನ್ನೂ ಹದಿನೆಂಟರ ಹುಡುಗ ಯೋಸೆಫ್ ಯೋಆಖಿಮ್. ಕೃತಿ ಗೆದ್ದಿತು. ಫರಾಂಕ್ ಆಗಲೇ ಕನ್ಸರ್ವೇಟರಿಯ ನಿರ್ದೇಶಕ ಓಬೆರ್‌ಗೆ ಪತ್ರ ಬರೆದು ಸಮಾನ ಸಂಬಳ ಕೇಳಿದರು, ಪಡೆದೂ ಪಡೆದರು. ಇದನ್ನು ಕೇಳಿ ನಮ್ಮ ತರಗತಿಯ ಹುಡುಗಿಯರು ಚಪ್ಪಾಳೆ ತಟ್ಟಿದ್ದರು.

ನನಗೆ ಸಂಬಳದ ಗೆಲುವಿಗಿಂತ ಅದರ ನಂತರದ ವರ್ಷಗಳೇ ದೊಡ್ಡವು. ತಾಯಿಯ ಬಳಿಯೇ ಕಲಿತು ಬೆಳೆದ ಪಿಯಾನೊ ವಾದಕಿ, ಮಗಳು ವಿಕ್ತೋರೀನ್ 1859ರಲ್ಲಿ ತೀರಿಕೊಂಡಳು. ಆಮೇಲೆ ಹೊಸ ಕೃತಿಗಳು ಬಹುತೇಕ ನಿಂತೇಹೋದವು. ಗಂಡಹೆಂಡತಿ ಇಬ್ಬರೂ ಶತಮಾನಗಳಷ್ಟು ಹಳೆಯ ಕೀಬೋರ್ಡ್ ಸಂಗೀತವನ್ನು ಹುಡುಕಿ ತಿದ್ದಿ ಅಚ್ಚಿಗೆ ಕೊಡತೊಡಗಿದರು. 1865ರಲ್ಲಿ ಗಂಡನೂ ಹೋದ. ಉಳಿದದ್ದನ್ನು ಆಕೆ ಒಬ್ಬರೇ ಕುಳಿತು ಮಾಡಿ ಒಟ್ಟು 23 ಸಂಪುಟ ಮುಗಿಸಿದರು. ಅದೂ ಪಾಠ ಬಿಡದೆ. ಕೆಲಸದಿಂದ ನಿವೃತ್ತರಾದದ್ದು 1873ರಲ್ಲಿ, ಸಾಯುವುದಕ್ಕೆ ಎರಡು ವರ್ಷ ಮೊದಲು.

ಈಗ ನಾನೂ ಪಿಯಾನೊ ಹೇಳಿಕೊಡುತ್ತೇನೆ. ಎಲ್ಲ ಮೇಜರ್, ಮೈನರ್ ಶ್ರುತಿಗಳಲ್ಲಿ ಫರಾಂಕ್ ಬರೆದ ಮೂವತ್ತು ಎಟ್ಯೂಡುಗಳಿವೆ, ಅಂದರೆ ಬೆರಳು ಪಳಗಿಸುವ ಅಭ್ಯಾಸದ ಕೃತಿಗಳು. 1845ರಲ್ಲಿ ಕನ್ಸರ್ವೇಟರಿಯೇ ಅವನ್ನು ಪಾಠಕ್ಕೆ ಇಟ್ಟುಕೊಂಡಿತ್ತು. ಕಪ್ಪು ಮನೆಗಳೇ ತುಂಬಿರುವವನ್ನು ಆರಿಸಿಕೊಟ್ಟರೆ ನಮ್ಮ ಮಕ್ಕಳು ಗೊಣಗುತ್ತಾರೆ. ಕೊಡುವುದನ್ನಂತೂ ನಾನು ನಿಲ್ಲಿಸಿಲ್ಲ.