ಮಂಡಿನೋವಿನವರಿಗೆ ಬಂಗಲೆ ಏಕೆ?

ನಮ್ಮ ಪತ್ರಿಕೆಗೆ ಬ್ರಿಟನ್ನಿನಿಂದ ಬಂದ ಏಜೆನ್ಸಿ ಕಾಪಿ, ಅಂದರೆ ಸುದ್ದಿಸಂಸ್ಥೆ ಕಳಿಸಿದ ವರದಿ ಅದು. ನಿವೃತ್ತ ಬಸ್ ಚಾಲಕರೊಬ್ಬರು ಮಂಡಿನೋವು ತಾಳಲಾರದೆ ಹಳೆಯ ಮನೆ ಮಾರಿ ಬಂಗಲೆಗೆ ಹೋದ ಸುದ್ದಿ. ವಿದೇಶ ಪುಟದ ಕೆಳಭಾಗಕ್ಕೆ ಹೇಳಿ ಮಾಡಿಸಿದಂತಿತ್ತು. ಆಡಳಿತ ಮಂಡಳಿ ಹೆಮ್ಮೆಯಿಂದ ತಂದ ಅನುವಾದ ತಂತ್ರಾಂಶ ಕಣ್ಣುಮುಚ್ಚಿ ತೆರೆಯುವುದರೊಳಗೆ ಕನ್ನಡ ಮಾಡಿಕೊಟ್ಟಿತು. ‘ಚಾಲಕನಿಗೆ ಒಲಿದ ಬಂಗಲೆ’ ಎಂಬ ಶೀರ್ಷಿಕೆ ಮಾತ್ರ ನನ್ನದು. ಕಂಬಗಳೂ ಮಹಡಿಯೂ ಇರುವ ಭರ್ಜರಿ ಚಿತ್ರವನ್ನು ಆರಿಸಿದ್ದೂ ನಾನೇ.

ಪುಟವನ್ನು ಮುದ್ರಣಕ್ಕೆ ಬಿಡುವ ಹೊತ್ತಿಗೆ ಮುಖ್ಯ ಉಪಸಂಪಾದಕರು ಪ್ರೂಫ್ ಹಿಡಿದು ಬಂದರು. “ಮಂಡಿ ನೋಯುವವರು ಇಷ್ಟು ಮೆಟ್ಟಿಲಿನ ಮನೆ ಏಕೆ ಕೊಂಡರು?”

“ಲಿಫ್ಟ್ ಇರಬಹುದು ಸರ್.”

ಅವರು ನಗಲಿಲ್ಲ, ಕದಲಲೂ ಇಲ್ಲ. ಮುದ್ರಣ ವಿಭಾಗದ ಫೋನ್ ಹೊಡೆದುಕೊಳ್ಳುತ್ತಿತ್ತು. ಪುಟ ವಿನ್ಯಾಸಕ ಮೌಸ್ ಹಿಡಿದು ನನ್ನ ಮುಖವನ್ನೇ ನೋಡುತ್ತಿದ್ದ. ಸಮರ್ಥನೆಗೆ ಮೂಲ ಕಾಪಿ ತೆರೆದರೆ, ‘ಮೆಟ್ಟಿಲೇ ಇಲ್ಲದ ಮನೆ ಬೇಕಿತ್ತು’ ಎಂಬ ಚಾಲಕರ ಮಾತು ಮೂರನೆಯ ಪ್ಯಾರಾದಲ್ಲೇ ಇತ್ತು. ಆ ಪ್ಯಾರಾವನ್ನು ಕತ್ತರಿಸಿದ್ದು, ಚಿತ್ರಕ್ಕೆ ಜಾಗ ಸಾಲದೆಂದು!

ಬ್ರಿಟನ್ನಿನಲ್ಲಿ ಬಂಗಲೆಯೆಂದರೆ ಸಾಮಾನ್ಯವಾಗಿ ಒಂದೇ ಅಂತಸ್ತಿನ ತಗ್ಗು ಮನೆ, ವಯಸ್ಸಾದವರ ಅಚ್ಚುಮೆಚ್ಚು. ಪದ ಇಲ್ಲಿಂದಲೇ ಹೋದದ್ದು. ‘ಬಂಗ್ಲಾ’ ಎಂದರೆ ಬಂಗಾಳದ್ದು. ಬಿದಿರು, ಹುಲ್ಲು ಹೊದಿಸಿ ಸೂರನ್ನು ಬಾಗಿಸಿದ ಅಲ್ಲಿನ ಗುಡಿಸಲಿನ ಹೆಸರು. ಪಶ್ಚಿಮ ಬಂಗಾಳದ ಬಿಷ್ಣುಪುರದಲ್ಲಿ 1655ರಲ್ಲಿ ಕಟ್ಟಿದ ಜೋಡ ಬಂಗ್ಲಾ ದೇವಾಲಯದ ಚಾವಣಿ ಅಂಥ ಎರಡು ಗುಡಿಸಲುಗಳನ್ನು ಇಟ್ಟಿಗೆಯಲ್ಲಿ ಜೋಡಿಸಿದಂತಿದೆ. ಈಸ್ಟ್ ಇಂಡಿಯಾ ಕಂಪನಿಯವರು ಆ ಗುಡಿಸಲಿನ ಮಾದರಿಗೆ ವರಾಂಡ ಸೇರಿಸಿ, ಸುತ್ತ ವಿಶಾಲ ಕಾಂಪೌಂಡ್ ಹಾಕಿ ವಾಸಿಸಿದರು. ದರ್ಪದ ದೊರೆ ಒಳಗಿದ್ದ ಮೇಲೆ ಮನೆ ತಗ್ಗಾದರೇನು, ನಮ್ಮ ಕಿವಿಗೆ ಆ ಪದವೇ ಸಿರಿತನದ್ದಾಯಿತು. ಅತ್ತ ಇಂಗ್ಲೆಂಡಿನ ಕೆಂಟ್ ಕರಾವಳಿಯಲ್ಲಿ 1870ರ ಆಸುಪಾಸಿನಲ್ಲಿ ರಜಾಕಾಲದ ಮನೆಗಳಾಗಿ ಬಂಗಲೆಗಳು ತಲೆಯೆತ್ತಿದವು. ಗುಡಿಸಲಿನ ಪದ ನಮ್ಮಲ್ಲಿ ಮಹಡಿ ಹತ್ತಿತು, ಅವರಲ್ಲಿ ನೆಲದಲ್ಲೇ ಉಳಿಯಿತು.

ಅಪರಿಚಿತ ಪದ ಬಂದಾಗ ನಿಘಂಟು ತೆರೆಯುವ ನಾನು, ಬಂಗಲೆ ನಮ್ಮದೇ ಪದವೆಂದು ಅದನ್ನು ನೋಡಲೇ ಇಲ್ಲ. ಹೊಸಬರಿಗೆ ಈಗ ಹೇಳುವುದು ಇಷ್ಟೇ: ಪರಿಚಿತವಾಗಿ ಕಾಣುವ ಪದವನ್ನೇ ಮೊದಲು ಅನುಮಾನಿಸಿ. ಕತ್ತರಿಸುವ ಮುನ್ನ ಪ್ಯಾರಾ ಓದಿ.

ಅಂದು ಚಿತ್ರ ತೆಗೆದು ಪ್ಯಾರಾ ಮರಳಿಸಿದೆವು, ‘ಮೆಟ್ಟಿಲಿಲ್ಲದ ಮನೆಗೆ ಚಾಲಕ’ ಎಂದು ಶೀರ್ಷಿಕೆ ಬದಲಾಯಿತು. ಪುಟ ತಡವಾಗಿದ್ದಕ್ಕೆ ಮರುದಿನ ವಿವರಣೆ ಕೇಳಿದರು. ಡೆಸ್ಕ್‌ಗೊಂದು ಪದಕೋಶ ಬೇಕೆಂದು ಅದರಲ್ಲೇ ಬರೆದೆ. ತಂತ್ರಾಂಶದ ಹೊಸ ಆವೃತ್ತಿ ಬರಲಿದೆ ಎಂಬ ಉತ್ತರ ಬಂತು.