ತೊಡದೇವಿನ ಬ್ಯಾನರ್: 1.4 ಎಂಬಿಯಿಂದ 28 ಕೆಬಿಗೆ

ನಮ್ಮ ಅತ್ತಿಗೆ ತೊಡದೇವು ಎಂಬ ತೆಳ್ಳನೆಯ ಸಿಹಿ ತಿಂಡಿ ಮಾಡಿ ಮಾರುತ್ತಾರೆ. ಆಲೆಮನೆ ಶುರುವಾಯಿತು ಅಂದರೆ ಕಬ್ಬಿನ ಹಾಲು, ಅಕ್ಕಿ ಹಿಟ್ಟು, ಕವುಚಿಟ್ಟ ಮಡಕೆ, ದಿನವಿಡೀ ಅದೇ ಕೆಲಸ. ಹೋದ ವರ್ಷ ಅವರಿಗೆ ಒಂದು ಬ್ಯಾನರ್ ಮಾಡಿಕೊಟ್ಟೆ. ಸುದ್ದಿ ವೆಬ್‌ಸೈಟ್ ಒಂದರಲ್ಲಿ ಹಾಕಿಸಿದೆವು.

ಅತ್ತಿಗೆ ಶಿರಸಿಯಿಂದ ಕುಮಟಾಕ್ಕೆ ಬಸ್ಸಿನಲ್ಲಿ ಹೋಗುತ್ತಾ ಅದನ್ನು ತೆರೆದಿದ್ದಾರೆ. ದೇವಿಮನೆ ಘಟ್ಟದಲ್ಲಿ ಸಿಗ್ನಲ್ ಹೇಗಿರುತ್ತದೆ ಗೊತ್ತಲ್ವಾ? ಕುಮಟಾ ಮುಟ್ಟಿದ ಮೇಲೆ ಫೋನ್ ಬಂತು. "ಬರೀ ಬಿಳಿ ಡಬ್ಬ ಕಾಣ್ತು ತಂಗಿ, ತೊಡದೇವು ಎಲ್ಲಿದ್ದು?"

ನನಗೆ ತುಂಬಾ ಬೇಜಾರಾಯಿತು. ದುಡ್ಡು ಕೊಟ್ಟವರು ಅವರು. ಓದುವವರ ಬೆರಳು ನಮ್ಮ ಚಿತ್ರ ಇಳಿಯುವ ತನಕ ಕಾಯುವುದಿಲ್ಲ. ಬ್ಯಾನರಿನ ಅರ್ಧ ಭಾಗ ಒಂದು ಸೆಕೆಂಡಾದರೂ ಪರದೆ ಮೇಲೆ ಇದ್ದರೆ ಮಾತ್ರ ಅದು ನೋಡುವಂತಿತ್ತು ಎಂದು ಲೆಕ್ಕ ಹಿಡಿಯುವುದು ಜಾಹೀರಾತಿನವರ ರೂಢಿ. ನಮ್ಮದು ಆ ಒಂದು ಸೆಕೆಂಡನ್ನು ಬಿಳಿ ಡಬ್ಬದಲ್ಲೇ ಕಳೆದಿತ್ತು.

ಫೈಲ್ ತೆರೆದು ನೋಡಿದೆ. 1200x1000 ಅಳತೆ, ಪಿಎನ್‌ಜಿ, 1.4 ಎಂಬಿ. ಜಾಗ ಇದ್ದದ್ದು 300x250. ಅಂದರೆ 75 ಸಾವಿರ ಪಿಕ್ಸೆಲ್ ಸಾಕಿದ್ದಲ್ಲಿ 12 ಲಕ್ಷ ಕಳಿಸಿದ್ದೆ, ಹದಿನಾರು ಪಟ್ಟು! ಗೂಗಲ್ ಆ್ಯಡ್ಸ್ ಆಗಿದ್ದರೆ ಬಾಗಿಲಲ್ಲೇ ತಡೆಯುತ್ತಿತ್ತು. ಅಲ್ಲಿ ನಾವೇ ಮಾಡಿ ಏರಿಸುವ ಚಿತ್ರಕ್ಕೆ 150 ಕೆಬಿ ಮಿತಿ ಇದೆ.

ಅಳತೆ ಇಳಿಸಿದ್ದೇ ತಡ, 140 ಕೆಬಿಗೆ ಬಂತು. ಫೋಟೋಗೆ ಪಿಎನ್‌ಜಿ ಬೇಡ, ಜೆಪೆಗ್ ಸಾಕು. ಲೋಗೋ, ಬರೀ ಅಕ್ಷರ ಇದ್ದರೆ ಪಿಎನ್‌ಜಿ ಒಳ್ಳೆಯದು. ಚಿತ್ರ ಹಿಂಡಿ ಚಿಕ್ಕದು ಮಾಡುವ ಸ್ಕೂಶ್ ಎಂಬ ವೆಬ್‌ಸೈಟಿನಲ್ಲಿ ಹಾಕಿ ಕ್ವಾಲಿಟಿ 75ಕ್ಕೆ ಇಳಿಸಿದೆ. ಎಡಗಡೆ ಹಳೆಯದು, ಬಲಗಡೆ ಹೊಸದು, ನಡುವಿನ ಗೆರೆ ಎಳೆದು ಹೋಲಿಸಬಹುದು. ತೊಡದೇವಿನ ಕಂದು ಪದರಗಳಲ್ಲಿ ವ್ಯತ್ಯಾಸವೇ ಕಾಣಲಿಲ್ಲ.

ಕೆಟ್ಟದ್ದು ಅಕ್ಷರ. ಕೆಂಪಿನಲ್ಲಿ ಬರೆದಿದ್ದ "ತೊಡದೇವು" ಸುತ್ತ ಕೊಳೆ ಮೆತ್ತಿದ ಹಾಗಿತ್ತು. ಒತ್ತಕ್ಷರ, ದೀರ್ಘ ಇರುವ ನಮ್ಮ ಲಿಪಿ ಸಣ್ಣ ಬ್ಯಾನರಿನಲ್ಲಿ ಹೀಗಾದರೆ ಓದುವುದೇ ಕಷ್ಟ. ಜೆಪೆಗ್ ಬೆಳಕು-ನೆರಳಿನ ವಿವರಕ್ಕಿಂತ ಬಣ್ಣದ ವಿವರವನ್ನು ಸಾಮಾನ್ಯವಾಗಿ ಹೆಚ್ಚು ಕಡಿಮೆ ಮಾಡುತ್ತದೆ. ಫೋಟೋದಲ್ಲಿ ಅದು ಗೊತ್ತಾಗುವುದಿಲ್ಲ, ಕೆಂಪು ಅಕ್ಷರದ ಅಂಚಿನಲ್ಲಿ ಎದ್ದು ಕಾಣುತ್ತದೆ. ಬಣ್ಣದ ವಿವರ ಇಳಿಸುವ ಈ ಕ್ರೋಮಾ ಕಡಿತವನ್ನು ನಿಲ್ಲಿಸಿದೆ. ಅಕ್ಷರವನ್ನು ಕಡುಗಂದು ಮಾಡಿದೆ. ಫೋಟೋದ ಹಿಂದೆ ಇದ್ದ ಹುಲ್ಲಿನ ರಾಶಿಯನ್ನೂ ತೆಗೆದು ಸಾದಾ ಬಣ್ಣ ಹಾಕಿದೆ. ಹುಲ್ಲಿನ ಒಂದೊಂದು ಎಳೆಗೂ ಕೆಬಿ ಖರ್ಚಾಗುತ್ತದೆ, ಸುಮ್ನೆ ಅಲ್ಲ.

ಕೊನೆಗೆ 28 ಕೆಬಿ. ಅತ್ತಿಗೆ ಮತ್ತೆ ಕುಮಟಾಕ್ಕೆ ಹೋದಾಗ ಘಟ್ಟದಲ್ಲೇ ತೆರೆದು ನೋಡಿದರಂತೆ. "ಈಗ ಕಾಣ್ತು" ಅಂದರು.

ಈ ಸಲ ಅಪ್ಪೆಮಿಡಿ ಉಪ್ಪಿನಕಾಯಿಗೂ ಬ್ಯಾನರ್ ಬೇಕಂತೆ. ಫೋಟೋವನ್ನು ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ ಅಂದಿದ್ದೇನೆ. ಇಲ್ಲದಿದ್ದರೆ ವಾಟ್ಸಾಪ್ ಒಮ್ಮೆ ಹಿಂಡುತ್ತದೆ, ಆಮೇಲೆ ನಾನೊಮ್ಮೆ ಹಿಂಡಬೇಕು. ಮಿಡಿಯ ಸಿಪ್ಪೆಯ ಹೊಳಪು ಅಷ್ಟರಲ್ಲೇ ಹೋಗಿಬಿಡುತ್ತದೆ.